ಮಗಳ ಕಿವಿಗೆ ಹಿತವಾದ ಸಂಗೀತ ಯಾವುದು?

ಪ್ರಶ್ನೆ: ನನ್ನ ಮಗಳಿಗೆ 8 ವರ್ಷ. ಆಟಿಸಂ ಇದೆ. ಮಿಕ್ಸಿ, ಕುಕ್ಕರ್ ವಿಷಲ್, ಬೈಕಿನ ಹಾರ್ನ್ ಕೇಳಿದರೆ ಕಿವಿ ಮುಚ್ಚಿಕೊಂಡು ಅಳುತ್ತಾಳೆ. ಕಿವಿ ಪರೀಕ್ಷೆ ಮಾಡಿಸಿದೆವು, ಎಲ್ಲ ಸರಿ ಇದೆ ಅಂದರು. ನಮ್ಮ ಅತ್ತೆ ಬೆಳಿಗ್ಗೆ ಸ್ಪೀಕರಿನಲ್ಲಿ ಭಜನೆ ಹಾಕುತ್ತಾರೆ. ಅದು ಶುರುವಾದ ಕೂಡಲೇ ಇವಳು ಬಚ್ಚಲುಮನೆಗೆ ಓಡಿ ಬಾಗಿಲು ಹಾಕಿಕೊಳ್ಳುತ್ತಾಳೆ. ದೇವರ ಹಾಡಿಗೂ ಹೀಗೆ ಮಾಡ್ತಾಳಲ್ಲ ಅಂತ ಅತ್ತೆಗೆ ಬೇಸರ. ಯೂಟ್ಯೂಬಿನಲ್ಲಿ ‘ರಿಲ್ಯಾಕ್ಸಿಂಗ್ ಮ್ಯೂಸಿಕ್’ ಹಾಕಿ ನೋಡಿದೆ. ಅದಕ್ಕೂ ಅತ್ತಳು. ಆದರೆ ಫ್ಯಾನಿನ ಕೆಳಗೆ ನಿಂತು ಅದರ ಜೊತೆ ತಾನೂ ಗುಂಯ್ ಅಂತ ಗುನುಗುತ್ತಾಳೆ. ಅವಳಿಗೆ ಸಂಗೀತ ಇಷ್ಟ ಅಂತಲೇ ನನಗೆ ಅನ್ನಿಸುತ್ತದೆ. ಯಾವ ಸಂಗೀತ ಹಾಕಲಿ? ಎಷ್ಟು ಹೊತ್ತು? ನಮ್ಮ ಯಜಮಾನರು ಸದ್ದು ತಡೆಯುವ ಹೆಡ್‌ಫೋನ್ ತಂದುಕೊಟ್ಟಿದ್ದಾರೆ, ಈಗ ಅದನ್ನು ಇಡೀ ದಿನ ತೆಗೆಯುವುದೇ ಇಲ್ಲ. ಮುಂದಿನ ತಿಂಗಳು ನಾದಿನಿಯ ಮದುವೆ ಬೇರೆ ಇದೆ. ಏನು ಮಾಡಲಿ?
ಒಬ್ಬ ತಾಯಿ, ಹಾಸನ

ಉತ್ತರ: ನಿಮ್ಮ ಪತ್ರದಲ್ಲಿ ಫ್ಯಾನಿನ ವಿಷಯ ಬಂದ ಕೂಡಲೇ ನನಗೆ ಅರ್ಧ ಉತ್ತರ ಸಿಕ್ಕಿತು. ತನಗೆ ಯಾವ ಸದ್ದು ಹಿತ ಅಂತ ನಿಮ್ಮ ಮಗಳು ಆಗಲೇ ತೋರಿಸುತ್ತಿದ್ದಾಳೆ. ಫ್ಯಾನಿನ ಸದ್ದು ಹೇಗಿರುತ್ತದೆ, ಸ್ವಲ್ಪ ಯೋಚಿಸಿ. ಒಂದೇ ಸಮ ಇರುತ್ತದೆ. ತಗ್ಗು ದನಿ. ಇದ್ದಕ್ಕಿದ್ದಂತೆ ಜೋರಾಗುವುದಿಲ್ಲ. ಸ್ವಿಚ್ ಎಲ್ಲಿದೆ ಅಂತ ಅವಳಿಗೆ ಗೊತ್ತು. ಸಾಕು ಅನ್ನಿಸಿದರೆ ಆರಿಸಬಹುದು, ಇಲ್ಲವೇ ಎದ್ದು ಹೋಗಬಹುದು. ಇಷ್ಟೇ ಗುಣಗಳಿರುವ ಸಂಗೀತವನ್ನು ನಾವು ಹುಡುಕಬೇಕು. ಅದು ಯಾವ ರಾಗ, ದೇವರ ಹಾಡೋ ಸಿನಿಮಾ ಹಾಡೋ, ಹಾಡಿದವರು ಯಾರು ಎಂಬುದೆಲ್ಲ ಆಮೇಲಿನ ಮಾತು.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ, ಅತ್ತೆಯವರಿಗೂ ಓದಿ ಹೇಳಿ. ಅವಳು ಹಟ ಮಾಡುತ್ತಿಲ್ಲ. ಸಾಮಾನ್ಯ ಕಿವಿ ಪರೀಕ್ಷೆಯಲ್ಲಿ ಎಷ್ಟು ಸಣ್ಣ ಸದ್ದು ಕೇಳಿಸುತ್ತದೆ ಅಂತ ನೋಡುತ್ತಾರೆ. ಎಷ್ಟು ಜೋರು ಸದ್ದನ್ನು ತಡೆದುಕೊಳ್ಳಲು ಆಗುತ್ತದೆ ಎಂಬುದು ಬೇರೆ ಲೆಕ್ಕ. ಮೊದಲನೆಯದು ಪೂರ್ತಿ ಸರಿ ಇದ್ದು ಎರಡನೆಯದರಲ್ಲಿ ತೊಂದರೆ ಇರಬಹುದು. ಇದಕ್ಕೆ ಹೈಪರ್‌ಅಕ್ಯುಸಿಸ್ ಎಂದು ಹೆಸರು. ನಮಗೆ ಸಾಧಾರಣ ಅನ್ನಿಸುವ ಸದ್ದು ಅವರಿಗೆ ನೋವು ಕೊಡುವಷ್ಟು ಜೋರು. ಆಟಿಸಂ ಇರುವ ಮಕ್ಕಳಲ್ಲಿ ಸದ್ದಿನ ಕಿರಿಕಿರಿ ಎಷ್ಟು ಸಾಮಾನ್ಯ ಅಂದರೆ, 2013ರಲ್ಲಿ ಬಂದ ಡಿಎಸ್‌ಎಂ-5 ಎಂಬ ಮನೋವೈದ್ಯರ ಕೈಪಿಡಿ ಸದ್ದು, ಬೆಳಕು, ಸ್ಪರ್ಶಗಳಿಗೆ ಹೀಗೆ ಅತಿಯಾಗಿ ಸ್ಪಂದಿಸುವುದನ್ನು ಆಟಿಸಂ ಲಕ್ಷಣಗಳ ಪಟ್ಟಿಗೇ ಸೇರಿಸಿದೆ. ಬಚ್ಚಲುಮನೆಗೆ ಓಡುವ ಮಗು ದೇವರ ಹಾಡಿನಿಂದ ಓಡುತ್ತಿಲ್ಲ. ನೋವಿನಿಂದ ಓಡುತ್ತಿದೆ.

ಹಾಗಾದರೆ ಆ ಹಾಡಿನಲ್ಲಿ ನೋವು ಕೊಡುವುದು ಏನು? ನನ್ನ ಅನುಭವದಲ್ಲಿ ಹತ್ತರಲ್ಲಿ ಎಂಟು ಸಲ ಅದು ತಾಳ. ಕಂಚಿನ ತಾಳ. ಹಾಡಿನ ಸಾಹಿತ್ಯ, ಹಾಡುಗಾರರ ಕಂಠ, ಹಾರ್ಮೋನಿಯಂ ಯಾವುದೂ ಅಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇದು ಅರ್ಥವಾದರೆ ಮುಂದೆ ಯಾವ ಹಾಡು ಆಗುತ್ತದೆ, ಯಾವುದು ಆಗುವುದಿಲ್ಲ ಅಂತ ನೀವೇ ಹೇಳಬಲ್ಲಿರಿ.

ನಮ್ಮ ಕಿವಿಯ ಒಳಗೆ ಸ್ಟೆಪೀಡಿಯಸ್ ಎಂಬ ಪುಟ್ಟ ಸ್ನಾಯು ಇದೆ. ಮೂಳೆಗೆ ಅಂಟಿರುವ ಸ್ನಾಯುಗಳಲ್ಲಿ ಇಡೀ ಮೈಯಲ್ಲೇ ಅತಿ ಚಿಕ್ಕದು. ಜೋರು ಸದ್ದು ಬಂದಾಗ ಅದು ಬಿಗಿಯಾಗಿ, ಒಳಕಿವಿಗೆ ಹೋಗುವ ಪೆಟ್ಟನ್ನು ಒಂದಿಷ್ಟು ತಗ್ಗಿಸುತ್ತದೆ. ಆದರೆ ಬಿಗಿಯಾಗಲು ಅದಕ್ಕೆ ಕ್ಷಣಮಾತ್ರ ಸಮಯ ಬೇಕು. ಸದ್ದು ನಿಧಾನವಾಗಿ ಏರಿದರೆ ಆ ಸಮಯ ಸಿಗುತ್ತದೆ. ತಟ್ಟೆ ಬಿದ್ದಂತೆ ಠಣ್ ಅಂದರೆ ಸ್ನಾಯು ಎಚ್ಚರವಾಗುವ ಮೊದಲೇ ಸದ್ದು ಒಳಗೆ ಹೋಗಿರುತ್ತದೆ. ಇದು ನಮಗೂ ಹಾಗೇ. ಆದರೆ ನಿಮ್ಮ ಮಗಳಂಥವರಲ್ಲಿ ಮಿದುಳು ಆ ಸದ್ದನ್ನು ಇನ್ನೂ ಹಿಗ್ಗಿಸಿ ಕೇಳಿಸಿಕೊಳ್ಳುತ್ತದೆ, ಅಪಾಯ ಬಂತು ಅಂತ ಮೈಯನ್ನೆಲ್ಲ ಎಬ್ಬಿಸುತ್ತದೆ.

ಎರಡನೆಯದು, ಕಿವಿಯ ರಚನೆ. ಹೊರಗಿನಿಂದ ಕಿವಿತಮಟೆಯವರೆಗಿನ ನಾಳ ದೊಡ್ಡವರಲ್ಲಿ ಸುಮಾರು 2.5 ಸೆಂಟಿಮೀಟರ್ ಉದ್ದ. ಬಾಟಲಿಯ ಬಾಯಿಗೆ ಊದಿದರೆ ಅದಕ್ಕೆ ಅದರದೇ ಒಂದು ದನಿ ಬರುತ್ತದಲ್ಲ, ಹಾಗೇ ಈ ನಾಳ 3000 ಹರ್ಟ್ಸ್ (ಸೆಕೆಂಡಿಗೆ 3000 ಕಂಪನ) ಆಸುಪಾಸಿನ ಸದ್ದನ್ನು ತಾನೇ ಹೆಚ್ಚಿಸಿ ಒಳಗೆ ಕಳಿಸುತ್ತದೆ. ಮನುಷ್ಯರ ಕಿವಿ ಅತಿ ಚುರುಕಾಗಿರುವುದು 2000ದಿಂದ 5000 ಹರ್ಟ್ಸ್ ನಡುವೆ. ಮಗುವಿನ ಚೀರಾಟ, ಸ್ಟೀಲ್ ಪಾತ್ರೆಯ ಸದ್ದು, ಕುಕ್ಕರ್ ವಿಷಲ್, ಪೂಜೆಯ ಗಂಟೆ, ಜಾಗಟೆ, ತಾಳ ಎಲ್ಲದರ ಚೂಪು ಇರುವುದು ಇಲ್ಲಿ ಮತ್ತು ಇದರ ಮೇಲೆ. ತಾಳದಲ್ಲಿ ಎರಡೂ ಸೇರಿವೆ. ಠಣ್ ಅಂತ ಹೊಡೆತ, ಜೊತೆಗೆ ಚೂಪಾದ ದನಿ. ಅದೂ ನಿಮಿಷಕ್ಕೆ ನೂರಾರು ಸಲ.

‘ರಿಲ್ಯಾಕ್ಸಿಂಗ್ ಮ್ಯೂಸಿಕ್’ ಕೈಕೊಟ್ಟದ್ದೂ ಹೆಚ್ಚುಕಡಿಮೆ ಇದೇ ಕಾರಣಕ್ಕೆ ಇರಬೇಕು. ಅದನ್ನು ಇನ್ನೊಮ್ಮೆ ಹಾಕಿ ನೀವೇ ಕಣ್ಣು ಮುಚ್ಚಿ ಕೇಳಿ. ಹಿನ್ನೆಲೆಯಲ್ಲಿ ಪಿಯಾನೋ ಮೆಲ್ಲಗಿರುತ್ತದೆ ನಿಜ. ಆದರೆ ಅದರ ಮೇಲೆ ಸಣ್ಣ ಗಂಟೆಗಳು, ಗಾಳಿಗೆ ಕಿಣಿಕಿಣಿ ಅನ್ನುವ ಕೊಳವೆಗಳು, ಹಕ್ಕಿಯ ಚಿಲಿಪಿಲಿ, ನೀರು ತೊಟ್ಟಿಕ್ಕುವ ಸದ್ದು. ನಮಗೆ ಹಿತ, ಈ ಕಿವಿಗಳಿಗೆ ಸೂಜಿ. ಆಮೇಲೆ ಮಧ್ಯದಲ್ಲಿ ಜಾಹೀರಾತು. ಹಾಡು ಮೆಲ್ಲಗಿದೆ ಅಂತ ವಾಲ್ಯೂಮ್ ಏರಿಸಿರುತ್ತೀರಿ, ಜಾಹೀರಾತು ಅದೇ ವಾಲ್ಯೂಮಿನಲ್ಲಿ ಕಿರುಚುತ್ತದೆ. ಒಂದೇ ಒಂದು ಸಲ ಹಾಗಾದರೂ ಸಾಕು, ಮಗು ಆಮೇಲೆ ಆ ಫೋನು ಕಂಡರೇ ಹೆದರುತ್ತದೆ.

ಈಗ ಏನು ಹಾಕಬೇಕು ಎಂಬ ಮಾತಿಗೆ ಬರೋಣ.

ಫ್ಯಾನಿನ ಗುಂಯ್ ಇಷ್ಟಪಡುವ ಮಗುವಿಗೆ ನಾನು ಮೊದಲು ತಂಬೂರಿ ಕೇಳಿಸುತ್ತೇನೆ. ಬರೀ ಶ್ರುತಿ. ಹಾಡಿಲ್ಲ, ಲಯ ಇಲ್ಲ. ಕೆಲವು ವರ್ಷದ ಹಿಂದೆ ನನ್ನ ಕೊಠಡಿಗೆ 6 ವರ್ಷದ ಹುಡುಗ ಒಬ್ಬ ಬರುತ್ತಿದ್ದ. ಬಾಗಿಲ ಹತ್ತಿರವೇ ನಿಲ್ಲುವವನು, ಒಳಗೆ ಬರುತ್ತಿರಲಿಲ್ಲ. ನಾನು ತಂಬೂರಿ ಮೀಟಿದೆ. ಮೊದಲ ಮೀಟಿಗೇ ಕಿವಿ ಮುಚ್ಚಿಕೊಂಡ. ಆಗ ತಂತಿಗಳನ್ನು ಹೊರುವ ಕುದುರೆ ಎಂಬ ಪಟ್ಟಿಯ ಮೇಲೆ ತಂತಿಯ ಕೆಳಗೆ ಇಡುತ್ತೇವಲ್ಲ, ಆ ಹತ್ತಿಯ ಎಳೆ, ಅದನ್ನು ನಾಲ್ಕೂ ತಂತಿಯಿಂದ ತೆಗೆದುಬಿಟ್ಟೆ. ತಂಬೂರಿಯ ಝೇಂಕಾರ ಹುಟ್ಟುವುದೇ ಆ ಎಳೆಯಿಂದ. ಸಂಗೀತಗಾರರಿಗೆ ಅದೇ ಜೀವ. ಅದನ್ನು ತೆಗೆದರೆ ದನಿ ಮಂಕಾಗುತ್ತದೆ, ದುಂಡಗಾಗುತ್ತದೆ. ನಾನು ಬೆರಳಿನ ತುದಿಯ ಬದಲು ಬೆರಳಿನ ಪಕ್ಕದಿಂದ ಸವರಿದ ಹಾಗೆ ಮೀಟಿದೆ. ಅವನು ಕಿವಿಯಿಂದ ಒಂದು ಕೈ ತೆಗೆದ. ಸ್ವಲ್ಪ ಹೊತ್ತಾದ ಮೇಲೆ ಹತ್ತಿರ ಬಂದು ಬುರುಡೆಯ ಮೇಲೆ ಅಂಗೈ ಇಟ್ಟ. ಅವತ್ತು 20 ನಿಮಿಷ ಹಾಗೇ ನಿಂತಿದ್ದ. ಅವನ ತಾಯಿ ಹೊರಗೆ ಕುರ್ಚಿಯಲ್ಲಿ ಕೂತು ಅಳುತ್ತಿದ್ದರು, ಸಂತೋಷಕ್ಕೆ.

ನಿಮ್ಮ ಮನೆಯಲ್ಲಿ ತಂಬೂರಿ ಇರಲಿಕ್ಕಿಲ್ಲ. ಫೋನಿನಲ್ಲಿ ತಂಬೂರಿ ಆಪ್‌ಗಳು ಪುಕ್ಕಟೆ ಸಿಗುತ್ತವೆ. ಶ್ರುತಿಯನ್ನು ತಗ್ಗಿಸಿ, ಗಂಡಸರು ಹಾಡುವ ಒಂದು ಮನೆ (C), ಒಂದೂವರೆ ಮನೆಯ (C#) ಹತ್ತಿರ ಇಡಿ. ಎತ್ತರದ ಐದೂವರೆ ಮನೆಗೆ (G#) ಇಡಬೇಡಿ. ಮೀಟಿನ ವೇಗ ಆದಷ್ಟು ನಿಧಾನ ಮಾಡಿ. ಝೇಂಕಾರ ಬೇಡವಾದರೆ ಶ್ರುತಿ ಪೆಟ್ಟಿಗೆಯ ದನಿ ಹಾಕಿ ನೋಡಿ, ಅದರಲ್ಲಿ ಮೀಟೇ ಇಲ್ಲ. ಗಾಳಿಯ ದನಿ, ಒಂದೇ ಸಮ.

ತಂಬೂರಿ ಒಗ್ಗಿದರೆ ಮುಂದಿನದು ಮಂದ್ರದ ಆಲಾಪ, ಅಂದರೆ ತಗ್ಗು ಸ್ವರದಲ್ಲಿ ತಾಳವಿಲ್ಲದೆ ರಾಗ ಹಾಡುವುದು, ನುಡಿಸುವುದು. ನಮ್ಮ ಸಂಗೀತದಲ್ಲಿ ಇದೊಂದು ದೊಡ್ಡ ಅನುಕೂಲ ಇದೆ. ಹಿಂದೂಸ್ತಾನಿ ಕಛೇರಿಯ ಮೊದಲ ಭಾಗ ತಬಲಾ ಇಲ್ಲದೆ, ತಗ್ಗು ಸ್ವರದಲ್ಲಿ, ಬಹಳ ನಿಧಾನ ನಡೆಯುತ್ತದೆ. ಧ್ರುಪದ ಎಂಬ ಹಳೆಯ ಗಾಯನಶೈಲಿಯ ಆಲಾಪ, ತಗ್ಗು ದನಿಯ ತಂತಿವಾದ್ಯಗಳಾದ ರುದ್ರವೀಣೆ, ಸುರ್‌ಬಹಾರ್ ಇವುಗಳ ಆರಂಭದ ಭಾಗ ತುಂಬಾ ಚೆನ್ನ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿಕೊಂಡು ಹೋಗುತ್ತಾರೆ, ಹಾರುವುದಿಲ್ಲ. ಆದರೆ ಎಚ್ಚರ, ಅದೇ ರೆಕಾರ್ಡಿಂಗ್ ಮುಂದೆ ಹೋದಂತೆ ವೇಗ ಏರುತ್ತದೆ, ಜೋಡ್, ಝಾಲಾ, ದ್ರುತ್ ಎಂಬ ವೇಗದ ಭಾಗಗಳು ಬರುತ್ತವೆ. 40 ನಿಮಿಷದ ರೆಕಾರ್ಡಿಂಗ್ ಹಾಕಿ ನೀವು ಅಡುಗೆಮನೆಗೆ ಹೋದಿರಿ ಅಂತಿಟ್ಟುಕೊಳ್ಳಿ, ಹಿತವಾಗಿ ಶುರುವಾದದ್ದು ಕೊನೆಯಲ್ಲಿ ಬಿರುಗಾಳಿ ಆಗಿರುತ್ತದೆ. ಮೊದಲ 8 ಅಥವಾ 10 ನಿಮಿಷವನ್ನು ಮಾತ್ರ ಕತ್ತರಿಸಿ ಫೋನಿನಲ್ಲಿ ಬೇರೆ ಇಟ್ಟುಕೊಳ್ಳಿ.

ವೀಣೆ ಬಗ್ಗೆ ನನಗೆ ಪಕ್ಷಪಾತ ಇದೆ, ಮೈಸೂರಿನವಳು ನೋಡಿ. ಹಲಸಿನ ಮರದ ಆ ಕೊಡದಿಂದ ಬರುವ ನಾದ ಎದೆಯ ಹತ್ತಿರ ಮಾತಾಡಿದ ಹಾಗಿರುತ್ತದೆ. ವೀಣೆ ದೊರೆಸ್ವಾಮಿ ಅಯ್ಯಂಗಾರ್ ಅವರ ವಾದನ ಕೇಳುತ್ತಾ ಬೆಳೆದವಳು ನಾನು. ಆದರೂ ಮೊದಲು ನೀವೊಬ್ಬರೇ ಪೂರ್ತಿ ಕೇಳಿ. ವೀಣೆಯಲ್ಲಿ ಕಿರುಬೆರಳಿಂದ ಮೀಟುವ ಮೂರು ತಾಳದ ತಂತಿಗಳಿವೆ. ಅವುಗಳ ದನಿ ಚೂಪು. ಕೆಲವು ರೆಕಾರ್ಡಿಂಗಿನಲ್ಲಿ ಅದು ಹಿಂದೆ ಇರುತ್ತದೆ, ಕೆಲವರದರಲ್ಲಿ ಮುಂದೆ ಬಂದು ಕಿವಿಗೆ ಚುಚ್ಚುತ್ತದೆ. ಕಛೇರಿಯ ರೆಕಾರ್ಡಿಂಗ್ ಆದರೆ ಚಪ್ಪಾಳೆಯೂ ಇರುತ್ತದೆ. ಚಪ್ಪಾಳೆ ಈ ಮಕ್ಕಳಿಗೆ ಪಟಾಕಿ ಇದ್ದ ಹಾಗೆ. ಸ್ಟುಡಿಯೋದಲ್ಲಿ ಮಾಡಿದ್ದೇ ಇರಲಿ. ಮೃದಂಗ ಇರುವುದಾದರೆ ತನಿ ಆವರ್ತನ, ಅಂದರೆ ಮೃದಂಗವೊಂದೇ ನುಡಿಯುವ ಭಾಗ, ಬರುವ ಮೊದಲು ನಿಲ್ಲಿಸಿ.

ಕೊಳಲು ಅಂದರೆ ಎಲ್ಲರೂ ಮೃದು ಅನ್ನುತ್ತಾರೆ. ಯಾವ ಕೊಳಲು ಅಂತ ನೋಡಬೇಕು. ಕರ್ನಾಟಕ ಸಂಗೀತದ ಕೊಳಲು ಗಿಡ್ಡ, ದನಿ ಎತ್ತರ. ತಾರಸ್ಥಾಯಿಗೆ ಹೋದಾಗ ಸೀಟಿಯ ಹಾಗೆ ಆಗುತ್ತದೆ. ಹಿಂದೂಸ್ತಾನಿಯ ಉದ್ದ ಬಾನ್ಸುರಿ ಬೇರೆ. ಕಛೇರಿಗೆ ಆ ಉದ್ದ ಕೊಳಲನ್ನು ತಂದವರು ಪನ್ನಾಲಾಲ್ ಘೋಷ್. ಅದರ ಮಂದ್ರದ ಸ್ವರ ಉಸಿರಿನಷ್ಟು ಮೆತ್ತಗೆ ಶುರುವಾಗುತ್ತದೆ. ಅದು ಆಗಬಹುದು. ಪಿಟೀಲೂ ಅಷ್ಟೆ, ಕೆಳಗಿನ ತಂತಿಯಲ್ಲಿ ಹಿತ, ಮೇಲೆ ಹೋದರೆ ಕಷ್ಟ. ಸಂತೂರ್, ಜಲತರಂಗ ಎರಡನ್ನೂ ಸದ್ಯಕ್ಕೆ ದೂರ ಇಡಿ. ಕೇಳಲು ಎಷ್ಟೇ ಚೆಂದ ಇದ್ದರೂ ಅವು ಕೋಲಿನಿಂದ ಹೊಡೆದು ನುಡಿಸುವ ವಾದ್ಯಗಳು, ಒಂದೊಂದು ಸ್ವರವೂ ಒಂದೊಂದು ಪೆಟ್ಟು. ಯಕ್ಷಗಾನದ ಚಂಡೆ ಬಗ್ಗೆ ನಾನು ಹೇಳಬೇಕಾಗಿಲ್ಲ.

ಕಂಠದ ವಿಷಯಕ್ಕೆ ಬಂದರೆ, ನಿಮ್ಮ ಕಂಠಕ್ಕಿಂತ ಒಳ್ಳೆಯದು ಯಾವ ರೆಕಾರ್ಡಿಂಗಿನಲ್ಲೂ ಇಲ್ಲ. ಇದು ಸುಮ್ನೆ ಮೆಚ್ಚಿಸಲು ಹೇಳುವ ಮಾತಲ್ಲ. ಬಾಯಿ ಮುಚ್ಚಿ ಗುನುಗಿದಾಗ ತುಟಿಗಳು ಚೂಪು ದನಿಯನ್ನೆಲ್ಲ ಒಳಗೇ ತಡೆಯುತ್ತವೆ, ತಗ್ಗು ನಾದ ಮಾತ್ರ ಹೊರಗೆ ಬರುತ್ತದೆ. ಸ, ಶ ಅಕ್ಷರಗಳ ಸುಯ್ ಅನ್ನುವ ಸದ್ದೂ ಇರುವುದಿಲ್ಲ. ಮಗಳ ಮುಖ ನೋಡಿಕೊಂಡು ನೀವು ದನಿ ತಗ್ಗಿಸಬಹುದು, ನಿಲ್ಲಿಸಬಹುದು. ಸ್ಪೀಕರಿಗೆ ಆ ಕಣ್ಣಿಲ್ಲ. ನಿಮಗೆ ಗೊತ್ತಿರುವ ಯಾವುದಾದರೂ ಜೋಗುಳ ಸಾಕು. ಶ್ರುತಿ ಸರಿ ಇಲ್ಲ ಅಂತ ಸಂಕೋಚ ಬೇಡ.

ಅವಳು ತಾನೇ ಗುನುಗುವುದನ್ನಂತೂ ತಡೆಯಲೇಬೇಡಿ. ಆ ಸ್ಟೆಪೀಡಿಯಸ್ ಸ್ನಾಯುವಿನ ಬಗ್ಗೆ ಹೇಳಿದೆನಲ್ಲ, ನಾವು ದನಿ ತೆಗೆಯುವ ಸ್ವಲ್ಪ ಮೊದಲೇ ಅದು ತಾನಾಗಿ ಬಿಗಿಯಾಗುತ್ತದೆ. ನಮ್ಮ ದನಿ ನಮಗೇ ಜಾಸ್ತಿ ಜೋರಾಗಿ ಕೇಳಬಾರದು ಅಂತ ದೇಹ ಮಾಡಿಕೊಂಡ ಏರ್ಪಾಡು. ಹಾಗಾಗಿ ಗುನುಗುವ ಮಗು ತನ್ನ ಕಿವಿಗೆ ತಾನೇ ಪರದೆ ಎಳೆದುಕೊಂಡ ಹಾಗೆ. ಎಷ್ಟೋ ಮಕ್ಕಳು ಯಾರೂ ಹೇಳಿಕೊಡದೆ ಇದನ್ನು ಕಂಡುಕೊಂಡಿರುತ್ತಾರೆ. ಶಾಲೆಯಲ್ಲಿ ‘ಸದ್ದು ಮಾಡಬೇಡ’ ಅಂತ ಗದರಿಸುತ್ತಿದ್ದರೆ ಟೀಚರಿಗೆ ಇದನ್ನು ವಿವರಿಸಿ ಹೇಳಿ.

ರಾಗಗಳ ಬಗ್ಗೆ ಕೇಳುವವರು ತುಂಬಾ ಜನ. ನೀಲಾಂಬರಿ ಹಾಕಿದರೆ ಮಗು ಮಲಗುತ್ತದೆಯಾ, ಇಂಥ ರಾಗ ಇಂಥ ಕಾಯಿಲೆಗೆ ಅಂತ ಪಟ್ಟಿ ಬಂದಿದೆ, ಕೊಡಲೇ ಅಂತ. ನೀಲಾಂಬರಿಯಲ್ಲಿ ಜೋಗುಳ ಹಾಡುವ ಸಂಪ್ರದಾಯ ಇದೆ, ನನಗೂ ಪ್ರಿಯವಾದ ರಾಗ. ಆದರೆ ಅದನ್ನೇ ನಾದಸ್ವರದಲ್ಲಿ ಪಕ್ಕದಲ್ಲಿ ಕೂತು ಊದಿದರೆ ನಿಮ್ಮ ಮಗಳು ಓಡುತ್ತಾಳೆ. ಕಿವಿಗೆ ಮೊದಲು ಮುಟ್ಟುವುದು ನಾದದ ಅಂಚು. ರಾಗ ಮನಸ್ಸಿಗೆ ಮುಟ್ಟುವುದು ಆಮೇಲೆ. ಹಾಗೇ 432 ಹರ್ಟ್ಸ್, 528 ಹರ್ಟ್ಸ್ ‘ಹೀಲಿಂಗ್’ ಸಂಗೀತ ಅಂತ ಹೇಳಿ ಮಾರುವವರಿಗೆ ದುಡ್ಡು ಕೊಡಬೇಡಿ. 440 ಹರ್ಟ್ಸ್ ಎಂಬುದು ಪಶ್ಚಿಮದ ವಾದ್ಯಗಳನ್ನು ಶ್ರುತಿ ಮಾಡಲು ಒಪ್ಪಿಕೊಂಡ ಅಳತೆ. ಅದನ್ನು 432 ಮಾಡಿದರೆ ಗುಣವಾಗುತ್ತದೆ ಎಂಬ ಮಾತಿಗೆ ಗಟ್ಟಿ ಆಧಾರ ಇಲ್ಲ. ನಮ್ಮಲ್ಲಂತೂ ಹಾಡುವವರು ತಮ್ಮ ಕಂಠಕ್ಕೆ ಹೊಂದುವ ಮನೆಗೆ ಶ್ರುತಿ ಇಟ್ಟುಕೊಳ್ಳುತ್ತಾರೆ, ನಮ್ಮ ಷಡ್ಜಕ್ಕೆ, ಅಂದರೆ ‘ಸ’ ಸ್ವರಕ್ಕೆ, ಒಂದೇ ನಂಬರ್ ಅಂತ ಇಲ್ಲವೇ ಇಲ್ಲ. ವಿಶೇಷ ಸಂಗೀತ ಕೇಳಿಸಿ ಆಟಿಸಂ ವಾಸಿ ಮಾಡುತ್ತೇವೆ ಎನ್ನುವ ದುಬಾರಿ ಕೋರ್ಸುಗಳಿಂದಲೂ ದೂರ ಇರಿ. ನಾವು ಇಲ್ಲಿ ಮಾಡಲು ಹೊರಟಿರುವುದು ಚಿಕಿತ್ಸೆ ಅಲ್ಲ. ಒಂದು ಮಗುವಿಗೆ ಸಂಗೀತದ ಸಂತೋಷ ಸಿಗಲಿ ಅಂತ. ಅದು ಸಣ್ಣದೇನಲ್ಲ.

ಇನ್ನು ಸ್ಪೀಕರ್. ಇದನ್ನು ಯಾರೂ ಯೋಚಿಸುವುದಿಲ್ಲ, ಆದರೆ ಅರ್ಧ ತೊಂದರೆ ಇಲ್ಲೇ ಇದೆ. ಫೋನಿನ ಸ್ಪೀಕರ್ ಬೆರಳಿನ ಉಗುರಿನಷ್ಟು ಇರುತ್ತದೆ. ಅದಕ್ಕೆ ತಗ್ಗು ದನಿಯನ್ನು ಹೊರಡಿಸಲು ಆಗುವುದಿಲ್ಲ. ವೀಣೆಯ ಆ ಎದೆನಾದ, ತಂಬೂರಿಯ ಮಂದ್ರ ಎಲ್ಲ ಸೋಸಿ ಹೋಗಿ ಚೂಪು ಮಾತ್ರ ಉಳಿಯುತ್ತದೆ. ಅಂದರೆ ಹಿತವಾದ ಸಂಗೀತವನ್ನು ಹಾಕಿದರೂ ಮಗುವಿಗೆ ತಲುಪುವುದು ಅದರ ಮುಳ್ಳು ಮಾತ್ರ. ಸ್ವಲ್ಪ ದೊಡ್ಡ ಸ್ಪೀಕರನ್ನು ಕಡಿಮೆ ವಾಲ್ಯೂಮಿನಲ್ಲಿ, ಮಗುವಿನಿಂದ ಎಂಟು ಹತ್ತು ಅಡಿ ದೂರ, ಗೋಡೆಯ ಕಡೆಗೆ ಮುಖ ಮಾಡಿ ಇಡಿ. ಕೋಣೆಯಲ್ಲಿ ಪರದೆ, ಚಾಪೆ, ಹಾಸಿಗೆ ಇರಲಿ. ಬರೀ ಟೈಲ್ಸ್ ಇರುವ ಖಾಲಿ ಹಾಲಿನಲ್ಲಿ ಸದ್ದು ಗೋಡೆಗೆ ಬಡಿದು ಬಡಿದು ವಾಪಸ್ ಬರುತ್ತದೆ. ಬ್ಲೂಟೂತ್ ಸ್ಪೀಕರ್ ಆದರೆ ಇನ್ನೊಂದು ಕೋಣೆಯಲ್ಲಿ ಆನ್ ಮಾಡಿ, ಫೋನಿಗೆ ಜೋಡಿಸಿ, ಆಮೇಲೆ ತನ್ನಿ. ಆನ್ ಆದಾಗ ಟುಯ್ ಅಂತ ಕೂಗಿ ‘ಕನೆಕ್ಟೆಡ್’ ಅನ್ನುತ್ತದಲ್ಲ, ಅದರ ವಾಲ್ಯೂಮ್ ನಮ್ಮ ಕೈಯಲ್ಲಿ ಇರುವುದಿಲ್ಲ.

ಫೋನಿನಲ್ಲಿ ಚೂಪು, ತಗ್ಗು ದನಿಗಳನ್ನು ಬೇರೆ ಬೇರೆಯಾಗಿ ಏರಿಸಿ ಇಳಿಸುವ ಈಕ್ವಲೈಸರ್ ಇರುತ್ತದೆ, ಅದರಲ್ಲಿ 2 ಕಿಲೋಹರ್ಟ್ಸ್ (2000 ಹರ್ಟ್ಸ್), 4 ಕಿಲೋಹರ್ಟ್ಸ್, 8 ಕಿಲೋಹರ್ಟ್ಸ್ ಗೀಟುಗಳನ್ನು ಸ್ವಲ್ಪ ಕೆಳಗಿಳಿಸಿ. ಬಾಸ್ ಏರಿಸಬೇಡಿ, ಅದು ಬೇರೆಯೇ ಕಿರಿಕಿರಿ. ಹಾಡುಗಳನ್ನು ಡೌನ್‌ಲೋಡ್ ಮಾಡಿ ಇಟ್ಟುಕೊಂಡು, ನೆಟ್ ಆಫ್ ಮಾಡಿ, ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ. ಜಾಹೀರಾತು, ವಾಟ್ಸಾಪ್ ಟಣ್, ರಿಂಗ್‌ಟೋನ್ ಯಾವುದೂ ಮಧ್ಯೆ ಬರಬಾರದು. ಆಟೋಪ್ಲೇ ಕಡ್ಡಾಯವಾಗಿ ಆಫ್.

ವಾಲ್ಯೂಮ್ ಎಷ್ಟು ಅಂತ ಕೇಳುತ್ತೀರಿ. ಸೊನ್ನೆಯಿಂದ ಶುರು ಮಾಡಿ ನಿಧಾನ ಏರಿಸಿ. ನಾವು ಸಾಮಾನ್ಯವಾಗಿ ಮಾತಾಡುವುದು ಸುಮಾರು 60 ಡೆಸಿಬಲ್. ಸಂಗೀತ ಅದಕ್ಕಿಂತ ಚೆನ್ನಾಗಿ ಕೆಳಗಿರಲಿ. ದನಿ ಎತ್ತದೆ ನೀವು ಮಾತಾಡಿದರೆ ಸಂಗೀತದ ಮೇಲೆ ನಿಮ್ಮ ಮಾತು ಸ್ಪಷ್ಟವಾಗಿ ಕೇಳಬೇಕು. ಮಕ್ಕಳು ವಾರಕ್ಕೆ 40 ಗಂಟೆ ಕೇಳುವುದಾದರೆ 75 ಡೆಸಿಬಲ್ ಮೀರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದು ಕಿವಿ ಕೆಡದಿರಲಿ ಅಂತ ಹಾಕಿದ ಮಿತಿ. ನಿಮ್ಮ ಮಗಳ ಹಿತದ ಮಿತಿ ಅದಕ್ಕಿಂತ ಎಷ್ಟೋ ಕೆಳಗೆ ಇದೆ, ಅದನ್ನು ಹೇಳಬೇಕಾದವಳು ಅವಳೇ.

ಆದ್ದರಿಂದ ವಾಲ್ಯೂಮ್ ಅವಳ ಕೈಗೇ ಕೊಡಿ. ತಿರುಗಿಸುವ ಗುಂಡಿ ಇರುವ ಹಳೇ ರೇಡಿಯೋ ಸೆಟ್ ಅಥವಾ ಸ್ಪೀಕರ್ ಸಿಕ್ಕರೆ ಬಹಳ ಒಳ್ಳೆಯದು. ಆರಿಸುವುದು ಹೇಗೆ ಅಂತ ಮೊದಲ ದಿನವೇ ಕಲಿಸಿ. ಆರಿಸಿದರೆ ‘ಯಾಕೆ ಆರಿಸಿದೆ’ ಅಂತ ಕೇಳಬೇಡಿ. ನಾನು ಇಷ್ಟು ವರ್ಷದಲ್ಲಿ ಕಂಡುಕೊಂಡದ್ದು ಒಂದೇ. ಯಾವಾಗ ಬೇಕಾದರೂ ನಿಲ್ಲಿಸಬಹುದು ಅಂತ ಗೊತ್ತಿರುವ ಮಗು ಹೆಚ್ಚು ಹೊತ್ತು ಕೇಳುತ್ತದೆ. ತನ್ನ ಕೈಯಲ್ಲಿ ಇಲ್ಲದ ಸದ್ದು ಎಷ್ಟು ಮೆಲ್ಲಗಿದ್ದರೂ ಭಯವೇ.

ಮೊದಲ ವಾರ 3 ನಿಮಿಷ ಸಾಕು. ದಿನಾ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ, ಒಂದೇ ಹಾಡು. ಹಾಕುವ ಮೊದಲು ‘ಈಗ ತಂಬೂರಿ’ ಅಂತ ಹೇಳಿ, ಸ್ಪೀಕರ್ ತೋರಿಸಿ. ಅವಳಿಗೆ ಸುಸ್ತಾಗುವ ಮೊದಲೇ ನೀವೇ ನಿಲ್ಲಿಸಿ. ಒಂದೇ ಹಾಡನ್ನು ತಿಂಗಳುಗಟ್ಟಲೆ ಕೇಳಿದರೆ ಬೋರ್ ಆಗುತ್ತದೆ ಅನ್ನುವುದು ನಮ್ಮ ಲೆಕ್ಕ. ಮುಂದೆ ಏನು ಬರುತ್ತದೆ ಅಂತ ಗೊತ್ತಿರುವುದೇ ಅವಳಿಗೆ ನೆಮ್ಮದಿ. ಒಂದು ನೋಟ್‌ಬುಕ್ ಇಡಿ. ಏನು ಹಾಕಿದಿರಿ, ಎಷ್ಟು ಹೊತ್ತು, ಆಮೇಲೆ ಒಂದು ಗಂಟೆ ಹೇಗಿದ್ದಳು ಅಂತ ಬರೆಯಿರಿ. ಕೆಲವು ಮಕ್ಕಳು ಕೇಳುವಾಗ ಸುಮ್ಮನಿದ್ದು ಆಮೇಲೆ ಕಿರಿಕಿರಿ ಮಾಡುತ್ತಾರೆ, ಬರೆದಿಡದಿದ್ದರೆ ಅದು ನಮ್ಮ ಗಮನಕ್ಕೆ ಬರುವುದಿಲ್ಲ. ಮಿಕ್ಸಿ ಸದ್ದು ಮುಚ್ಚಲಿ ಅಂತ ಮಾತ್ರ ಸಂಗೀತ ಹಾಕಬೇಡಿ. ಎರಡು ಸದ್ದು ಒಟ್ಟಿಗೆ ಬಂದರೆ ಅವಳಿಗೆ ಎರಡರಷ್ಟು ಕಷ್ಟ.

ಹೆಡ್‌ಫೋನ್ ವಿಷಯ ನನಗೆ ಸ್ವಲ್ಪ ಚಿಂತೆ ಕೊಟ್ಟಿದೆ. ಯಜಮಾನರು ತಂದುಕೊಟ್ಟದ್ದು ಸರಿಯೇ. ಜಾತ್ರೆ, ಮದುವೆ, ಬಸ್ ಸ್ಟ್ಯಾಂಡ್, ದೀಪಾವಳಿಗೆ ಅದು ಬೇಕೇ ಬೇಕು. ಆದರೆ ಇಡೀ ದಿನ ಹಾಕಿಕೊಂಡಿದ್ದರೆ ಕಿವಿ ಇನ್ನೂ ಸೂಕ್ಷ್ಮ ಆಗುತ್ತದೆ. ಕತ್ತಲ ಕೋಣೆಯಿಂದ ಹೊರಗೆ ಬಂದಾಗ ಬಿಸಿಲು ಕಣ್ಣಿಗೆ ಚುಚ್ಚುತ್ತದಲ್ಲ, ಹಾಗೆ. ಸದ್ದು ಕಡಿಮೆಯಾದಷ್ಟೂ ಮಿದುಳು ತನ್ನ ವಾಲ್ಯೂಮ್ ಏರಿಸಿಕೊಳ್ಳುತ್ತದೆ. 2003ರಲ್ಲಿ ಅಮೆರಿಕದಲ್ಲಿ ಸಂಶೋಧಕರು ಇದನ್ನು ಮಾಡಿಯೇ ನೋಡಿದರು. ಎರಡು ವಾರ ಕಿವಿಗೆ ಬಿರಡೆ ಹಾಕಿಕೊಂಡಿದ್ದ ಆರೋಗ್ಯವಂತರಿಗೆ ಆಮೇಲೆ ಸದ್ದೆಲ್ಲ ಮೊದಲಿಗಿಂತ ಜೋರಾಗಿ ಕೇಳತೊಡಗಿತು. ಅಷ್ಟೇ ದಿನ ಮೆಲುವಾದ ಸುಯ್ ಸದ್ದನ್ನು ಕಿವಿಯಲ್ಲಿ ಕೇಳುತ್ತಿದ್ದಾಗ ಸದ್ದು ತಡೆದುಕೊಳ್ಳುವ ಶಕ್ತಿ ಹೆಚ್ಚಿತು. ಹಾಗಂತ ನಾಳೆಯೇ ಕಿತ್ತು ತೆಗೆಯಬೇಡಿ, ನಂಬಿಕೆ ಹೋಗುತ್ತದೆ. ಮನೆ ಶಾಂತವಾಗಿರುವ ಹೊತ್ತು ನೋಡಿ, ಅವಳ ಇಷ್ಟದ ಫ್ಯಾನ್ ಹಾಕಿ, 5 ನಿಮಿಷ ಕತ್ತಿಗೆ ಇಳಿಸಿಕೊಳ್ಳಲು ಹೇಳಿ. ಕೈಗೆ ಸಿಗುವ ಹಾಗೆ ಅಲ್ಲೇ ಇರಲಿ. ವಾರವಾರ ಸ್ವಲ್ಪ ಸ್ವಲ್ಪ ಹೊತ್ತು ಜಾಸ್ತಿ ಮಾಡಿ.

ಇದನ್ನೆಲ್ಲ ಒಬ್ಬರೇ ಮಾಡಬೇಕಾಗಿಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಊರಿನವರು ಸ್ಪೀಚ್ ಅಂಡ್ ಹಿಯರಿಂಗ್ ಅನ್ನುತ್ತಾರೆ. ಹಾಸನದಿಂದ ಬೆಳಿಗ್ಗೆ ಹೊರಟರೆ ಸಂಜೆಗೆ ವಾಪಸ್ ಆಗಬಹುದು. ‘ಎಷ್ಟು ಜೋರು ತಡೆದುಕೊಳ್ಳುತ್ತಾಳೆ ಅಂತ ನೋಡಿಸಬೇಕು’ ಅಂತಲೇ ಬಿಡಿಸಿ ಹೇಳಿ. ಸದ್ದಿನ ನೋವು ಒಂದೇ ಕಿವಿಯಲ್ಲಿದ್ದರೆ, ಇದ್ದಕ್ಕಿದ್ದಂತೆ ಶುರುವಾಗಿದ್ದರೆ, ಜೊತೆಗೆ ಕಿವಿ ಸೋರುವುದು, ತಲೆಸುತ್ತು, ಮುಖ ಒಂದು ಕಡೆ ವಾಲುವುದು ಇದ್ದರೆ ತಡ ಮಾಡಬೇಡಿ, ಮೊದಲು ಇಎನ್‌ಟಿ ಡಾಕ್ಟರಿಗೆ ತೋರಿಸಿ. ಆ ಸ್ಟೆಪೀಡಿಯಸ್ ಸ್ನಾಯುವಿಗೆ ಹೋಗುವ ನರವೂ ಮುಖದ ನರವೂ ಒಂದೇ.

ಅತ್ತೆಯವರ ಭಜನೆಗೆ ಬರುತ್ತೇನೆ. ಅವರ ಬೆಳಗಿನ ಪೂಜೆಯನ್ನು ನಿಲ್ಲಿಸುವುದು ನನಗೂ ಇಷ್ಟ ಇಲ್ಲ. ಆ ಹಾಡುಗಳೇ ಅವರಿಗೆ ಆಸರೆ ಇರಬಹುದು. ರೆಕಾರ್ಡಿಂಗ್ ಅವರ ಕೋಣೆಯಲ್ಲಿ, ಬಾಗಿಲು ಹಾಕಿ, ಮೆಲ್ಲಗೆ ನಡೆಯಲಿ, ಅಥವಾ ಇಯರ್‌ಫೋನಿನಲ್ಲಿ ಕೇಳಲಿ. ಆಮೇಲೆ ಒಂದು ದೇವರನಾಮವನ್ನು ಅವರೇ ಮೊಮ್ಮಗಳ ಹತ್ತಿರ ಕೂತು, ತಗ್ಗು ದನಿಯಲ್ಲಿ, ತಾಳ ಇಲ್ಲದೆ ಹಾಡಲಿ. ತಾಳ ಬೇಕೇ ಬೇಕು ಅನ್ನಿಸಿದರೆ ತೊಡೆಯ ಮೇಲೆ ಸೀರೆಯ ಮೇಲಿಂದ ಅಂಗೈ ಹಾಕಲಿ. ಮೊದಲ ದಿನ ಅವಳು ಎದ್ದು ಹೋಗಬಹುದು. ಹೋಗಲಿ ಬಿಡಿ. ಬಾಗಿಲ ಹಿಂದೆ ನಿಂತು ಕೇಳುತ್ತಿರುತ್ತಾಳೆ, ನಾನು ಎಷ್ಟೋ ಸಲ ನೋಡಿದ್ದೇನೆ. ಅತ್ತೆಯವರು ಅವಳ ಕಡೆ ತಿರುಗಿ ನೋಡದೆ ಹಾಡುತ್ತಾ ಇರಲಿ, ಅಷ್ಟೆ.

ಕೊನೆಗೆ ಮದುವೆ. ಛತ್ರದಲ್ಲಿ ವಾಲಗ ತಪ್ಪುವುದಿಲ್ಲ. ನಾದಸ್ವರ, ಡೋಲು ಬಯಲಿಗೆಂದೇ ಆದ ವಾದ್ಯಗಳು, ಮುಚ್ಚಿದ ಹಾಲಿನಲ್ಲಿ ಮೈಕ್ ಹಾಕಿ ನುಡಿಸಿದರೆ ನಮಗೇ ಎದೆ ನಡುಗುತ್ತದೆ. ಈಗಿನಿಂದಲೇ ವಾಲಗದ ಒಂದು ನಿಮಿಷದ ವಿಡಿಯೋ ತೋರಿಸಿ, ಮೊದಲು ಮ್ಯೂಟ್ ಮಾಡಿ, ಆಮೇಲೆ ಕೇಳಿಯೂ ಕೇಳದ ಹಾಗೆ ಮೆಲ್ಲಗೆ. ಊದುವಾಗ ಕೆನ್ನೆ ಉಬ್ಬುವುದನ್ನು, ಡೋಲಿನ ಮೇಲೆ ಕೈ ಆಡುವುದನ್ನು ನೋಡಲಿ. ಛತ್ರದವರ ಹತ್ತಿರ ಒಂದು ಕೋಣೆ ಕೇಳಿಟ್ಟುಕೊಳ್ಳಿ, ಹೋದ ಕೂಡಲೇ ಮೊದಲು ಆ ಕೋಣೆ ತೋರಿಸಿ. ಸ್ಪೀಕರ್ ಕಂಬದ ಹತ್ತಿರ ಕೂರಿಸಬೇಡಿ. ಬಾಗಿಲ ಪಕ್ಕದ ಕೊನೇ ಸಾಲು ಒಳ್ಳೆಯದು.

ಎಲ್ಲಕ್ಕಿಂತ ಕಷ್ಟ ಮುಹೂರ್ತದ ಗಟ್ಟಿಮೇಳ. ಆದರೆ ಅದು ಹೇಳದೆ ಕೇಳದೆ ಬರುವುದಿಲ್ಲ. ಪುರೋಹಿತರು ಕೈ ಎತ್ತಿ ‘ಗಟ್ಟಿಮೇಳ, ಗಟ್ಟಿಮೇಳ’ ಅನ್ನುತ್ತಾರಲ್ವಾ, ಆಮೇಲೇ ಜೋರಾಗುವುದು. ಆ ಕೈಯನ್ನು ನೋಡುವ ಕೆಲಸ ಅವಳಿಗೇ ಕೊಡಿ. ಮನೆಯಲ್ಲಿ ನಾಲ್ಕು ದಿನ ಆಟದ ಹಾಗೆ ಅಭ್ಯಾಸ ಮಾಡಿಸಿ. ನೀವು ಕೈ ಎತ್ತಿದಾಗ ಅವಳು ಹೆಡ್‌ಫೋನ್ ಕಿವಿಗೆ ಏರಿಸಲಿ, ಇಳಿಸಿದಾಗ ಕತ್ತಿಗೆ ಇಳಿಸಲಿ. ಹೆಡ್‌ಫೋನ್ ಏರಿಸಿದ ಮೇಲೆ ಬೇಕಾದರೆ ಗುನುಗಲಿ. ಅಷ್ಟು ಗಲಾಟೆಯಲ್ಲಿ ಯಾರಿಗೂ ಕೇಳಿಸುವುದಿಲ್ಲ.